ಕಲ್ಲುಹಾದಿಯ ಸವಾರ ಮಾರಿಸ್ ಗಾರಿನ್

ತಾಂಡೂರಿನ ಕಲ್ಲನ್ನು ಬಲ್ಲವರಿಗೆ ಕಲ್ಲುಹಾಸು ಎಂದೊಡನೆ ನುಣುಪಾದ ನೆಲವೇ ಕಣ್ಣಮುಂದೆ ಬರುತ್ತದೆ. ಉತ್ತರ ಫ್ರಾನ್ಸಿನ ರೂಬೆ ಪಟ್ಟಣದತ್ತ ಸಾಗುವ ಹಳ್ಳಿದಾರಿಗಳ ಕಲ್ಲುಹಾಸು ಅಂಥದಲ್ಲ. ಉಬ್ಬುತಲೆಯ ಗಟ್ಟಿ ಕಲ್ಲುಗಳನ್ನು ಸಾಲಾಗಿ ನೆಟ್ಟು ಮಾಡಿದ ದಾರಿ ಅದು. ಬಿಸಿಲಿಗೆ ದೂಳು, ಮಳೆಗೆ ಜಾರು. ಆ ದಾರಿಯಲ್ಲಿ ಪ್ಯಾರಿಸ್–ರೂಬೆ ಎಂಬ ಒಂದು ದಿನದ ಸೈಕಲ್ ಪಂದ್ಯ 1896ರಲ್ಲಿ ಆರಂಭವಾಯಿತು. ಅದರ ಮೊದಲ ವರ್ಷಗಳಲ್ಲಿ ಕೀರ್ತಿ ಪಡೆದವನು ಮಾರಿಸ್ ಗಾರಿನ್.

ಗಾರಿನ್ 1871ರ ಮಾರ್ಚ್ 3ರಂದು ಇಟಲಿಯ ಅಓಸ್ತಾ ಕಣಿವೆಯ ಆರ್ವಿಯೆ ಗ್ರಾಮದಲ್ಲಿ ಜನಿಸಿದನು. 1860ರಲ್ಲಿ ನೆರೆಯ ಸವಾಯ್ ಪ್ರಾಂತ ಫ್ರಾನ್ಸಿಗೆ ಸೇರಿದಾಗ ಈ ಕಣಿವೆ ಗಡಿಯ ಈಚೆಗೆ ಉಳಿದಿತ್ತು. ರಾಜ್ಯ ಇಟಲಿಯದಾದರೂ ಜನರ ಮಾತು ಫ್ರೆಂಚಿಗೆ ಹತ್ತಿರದ್ದು. 1956ರಲ್ಲಿ ಬೀದರ ಜಿಲ್ಲೆಯಿಂದ ಜಹೀರಾಬಾದ್, ನಾರಾಯಣಖೇಡಗಳೂ ಗುಲ್ಬರ್ಗಾ ಜಿಲ್ಲೆಯಿಂದ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದುದನ್ನು ಅರಿತ ನಮಗೆ ಇದು ಅಪರಿಚಿತ ಸ್ಥಿತಿಯಲ್ಲ.

1885ರಲ್ಲಿ ಕೂಲಿಕಾರನ ಈ ಕುಟುಂಬ ಬದುಕನ್ನರಸಿ ಫ್ರಾನ್ಸಿಗೆ ಹೊರಟಿತು. ಬಾಲಕ ಗಾರಿನ್ ಹೊಗೆಗೂಡುಗಳೊಳಗಿನ ಮಸಿ ಕೆರೆಯುವ ಕೆಲಸಕ್ಕೆ ನಿಂತನು. ಕುಳ್ಳಗಿನ ಮೈಕಟ್ಟು ಆ ವೃತ್ತಿಗೆ ಒದಗಿಬಂದಿತು. ಮುಂದೆ ಪ್ರಸಿದ್ಧನಾದಾಗಲೂ ಆ ಕಸುಬಿನ ಅಡ್ಡಹೆಸರು ಅವನನ್ನು ಬಿಡಲಿಲ್ಲ. 1889ರಲ್ಲಿ ಅವನು ಮೊದಲ ಸೈಕಲ್ ಕೊಂಡನು.

ರೂಬೆಯ ಜವಳಿ ಗಿರಣಿಗಳ ಒಡೆಯರಾದ ತಿಯೊಡೋರ್ ವಿಯೆನ್, ಮಾರಿಸ್ ಪೆರೆಜ್ ಎಂಬವರು ತಮ್ಮ ಊರಿನಲ್ಲಿ ಸೈಕಲ್ ಓಟದ ಅಂಗಣವೊಂದನ್ನು ಕಟ್ಟಿಸಿದ್ದರು. ಅದಕ್ಕೆ ಹೆಸರು ತರಲೆಂದೇ ಪ್ಯಾರಿಸಿನಿಂದ ಅಲ್ಲಿಯವರೆಗಿನ ಸುಮಾರು 280 ಕಿಲೋಮೀಟರಿನ ಪಂದ್ಯವನ್ನು ಏರ್ಪಡಿಸಿದರು. ಮೊದಲ ವರ್ಷ ಜರ್ಮನಿಯ ಯೋಸೆಫ್ ಫಿಶರ್ ಗೆದ್ದನು, ಗಾರಿನ್ ಮೂರನೆಯವನಾದನು. 1897ರಲ್ಲಿ ಡಚ್ ಸವಾರ ಕೊರ್ಡಾಂಗನೊಡನೆ ಅಂಗಣವನ್ನು ಹೊಕ್ಕನು. ಅಲ್ಲಿ ಕೊರ್ಡಾಂಗ್ ಜಾರಿ ಬಿದ್ದು, ಮತ್ತೆ ಎದ್ದು ಬೆನ್ನಟ್ಟಿದರೂ ಗಾರಿನ್ ಎರಡು ಮೀಟರುಗಳ ಅಂತರದಲ್ಲಿ ಗೆದ್ದನು. 1898ರಲ್ಲಿಯೂ ಜಯ ಅವನದೇ. ಆಗಿನ್ನೂ ಅವನು ಇಟಲಿಯ ಪ್ರಜೆ. ಫ್ರಾನ್ಸಿನ ಪೌರತ್ವ ದೊರೆತದ್ದು 1901ರಲ್ಲಿ.

1903ರಲ್ಲಿ ಮೊದಲ ಬಾರಿಗೆ ಟೂರ್ ದ ಫ್ರಾನ್ಸ್ ನಡೆಯಿತು. ಆರು ಹಂತಗಳ 2428 ಕಿಲೋಮೀಟರ್ ದಾರಿಗೆ ಹೊರಟ 60 ಮಂದಿಯಲ್ಲಿ ಕೊನೆ ಮುಟ್ಟಿದವರು 21 ಮಂದಿ. ಎರಡನೆಯವನಿಗಿಂತ ಸುಮಾರು ಮೂರು ಗಂಟೆ ಮುಂಚಿತವಾಗಿ ಗುರಿ ತಲುಪಿದ ಗಾರಿನ್ ದೇಶದ ವೀರನಾದನು.

ಮರುವರ್ಷದ ಟೂರ್ ಅಕ್ರಮಗಳಿಂದ ಕೆಟ್ಟಿತು. ದಾರಿಗೆ ಮೊಳೆ ಚೆಲ್ಲಿದರು, ಕತ್ತಲಲ್ಲಿ ಸವಾರರನ್ನು ಹೊಡೆದರು. ಕೆಲವರು ರೈಲು ಹತ್ತಿದರೆಂಬ ಆರೋಪವೂ ಬಂದಿತು. ಗಾರಿನ್ ಮತ್ತೆ ಮೊದಲಿಗನಾಗಿದ್ದನು. ಆದರೆ ತಿಂಗಳುಗಳ ವಿಚಾರಣೆಯ ಬಳಿಕ ಸೈಕಲ್ ಒಕ್ಕೂಟವು ಮೊದಲ ನಾಲ್ವರನ್ನೂ ಅನರ್ಹಗೊಳಿಸಿತು. ಗೆಲುವು ಹತ್ತೊಂಬತ್ತರ ಆಂರಿ ಕೋರ್ನೆಗೆ ಸಂದಿತು. ಗಾರಿನ್‌ಗೆ ಎರಡು ವರ್ಷಗಳ ನಿಷೇಧ. 1911ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಅವನು ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಪಂದ್ಯಕ್ಕೆ ಮರಳಿ ಬಂದು ಹತ್ತನೆಯವನಾದನು.

ಉಳಿದ ಬಾಳನ್ನು ಅವನು ಕಲ್ಲಿದ್ದಲ ಗಣಿಗಳ ಲಾನ್ಸ್ ಪಟ್ಟಣದಲ್ಲಿ, ಒಂದು ಗ್ಯಾರೇಜಿನ ಮಾಲೀಕನಾಗಿ ಕಳೆದನು. ಮೊದಲ ಮಹಾಯುದ್ಧ ಆ ಊರನ್ನು ನೆಲಸಮ ಮಾಡಿತು. ಪಾಳುಬಿದ್ದ ಆ ಸೀಮೆಯನ್ನು ಕಂಡೇ 1919ರಲ್ಲಿ ಪ್ಯಾರಿಸ್–ರೂಬೆಗೆ ಉತ್ತರದ ನರಕವೆಂಬ ಹೆಸರು ಬಂದಿತು. ಗಾರಿನ್ 1957ರ ಫೆಬ್ರವರಿ 19ರಂದು ಲಾನ್ಸ್‌ನಲ್ಲಿ ತೀರಿಕೊಂಡನು.

ಜೀವನಚರಿತ್ರೆಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದುದೊಂದಿದೆ. 1897, 1898ರ ರೂಬೆಯ ಪಟ್ಟಿಯಲ್ಲಿ ಗಾರಿನ್‌ನ ಹೆಸರು ಇಂದಿಗೂ ಇದೆ. 1904ರ ಟೂರ್ ಪಟ್ಟಿಯಲ್ಲಿ ಇಲ್ಲ. ಅಭಿಮಾನದಿಂದ ಬರೆಯುವವನು ಎರಡನೆಯದನ್ನು ಮರೆಮಾಚುತ್ತಾನೆ, ತೀರ್ಪು ಕೊಡಲು ಹೊರಟವನು ಮೊದಲನೆಯದನ್ನು ಮರೆಯುತ್ತಾನೆ. ಎರಡನ್ನೂ ಒಂದೇ ಪುಟದಲ್ಲಿ ಬರೆಯುವುದು ಚರಿತ್ರಕಾರನ ಹೊಣೆ.