ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿದ ಜಾರ್ಜ್ ಲಾರೆನ್ಸ್

ಮಕ್ಕಳೇ, ಗಾಳಿಪಟ ಹಾರಿಸುವುದೆಂದರೆ ನಿಮಗೆಲ್ಲ ಇಷ್ಟ ತಾನೇ? ಗಾಳಿಪಟಗಳ ಸಹಾಯದಿಂದ ಇಡೀ ಒಂದು ನಗರದ ಚಿತ್ರ ತೆಗೆದ ಸಾಹಸಿಯೊಬ್ಬರ ಕಥೆ ಇದು. ಅವರ ಹೆಸರು ಜಾರ್ಜ್ ಲಾರೆನ್ಸ್.

ಲಾರೆನ್ಸ್ ಹುಟ್ಟಿದ್ದು 1868ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ. ಮುಂದೆ ಷಿಕಾಗೋದಲ್ಲಿ ಫೋಟೋ ಸ್ಟುಡಿಯೋ ತೆರೆದರು. ಬೇರೆಯವರು ಆಗದು ಎಂದು ಬಿಟ್ಟ ಕೆಲಸವೆಂದರೆ ಅವರಿಗೆ ಎಲ್ಲಿಲ್ಲದ ಉತ್ಸಾಹ. 1900ರಲ್ಲಿ ಒಂದು ರೈಲು ಕಂಪನಿಗೆ ತನ್ನ ಹೊಸ ರೈಲು ಪೂರ್ತಿಯಾಗಿ ಒಂದೇ ಫೋಟೋದಲ್ಲಿ ಬರಬೇಕಿತ್ತು. ಅದಕ್ಕಾಗಿ ಲಾರೆನ್ಸ್ 8 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಗಾಜಿನ ಫಲಕ ಹಿಡಿಸುವ ದೈತ್ಯ ಕ್ಯಾಮೆರಾವನ್ನೇ ಮಾಡಿಸಿದರು. ಅದರ ತೂಕ 600 ಕಿಲೋಗೂ ಹೆಚ್ಚು!

ನಂತರ ಅವರ ಕಣ್ಣು ಆಕಾಶದ ಮೇಲೆ ಬಿತ್ತು. ಕ್ಯಾಮೆರಾ ಹಿಡಿದು ತಾವೇ ಬಲೂನಿನಲ್ಲಿ ಮೇಲೇರತೊಡಗಿದರು. 1901ರಲ್ಲಿ ಒಮ್ಮೆ ಅವರು ನಿಂತಿದ್ದ ತೊಟ್ಟಿಲು ಬಲೂನಿನಿಂದ ಕಳಚಿಕೊಂಡಿತು. 200 ಅಡಿಗೂ ಹೆಚ್ಚು ಎತ್ತರದಿಂದ ಬಿದ್ದ ಅವರನ್ನು ಕೆಳಗಿದ್ದ ಟೆಲಿಫೋನ್ ತಂತಿಗಳು ತಡೆದು ಉಳಿಸಿದವು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರೇನೋ. ಲಾರೆನ್ಸ್ ಆಸೆಯನ್ನು ಬಿಡಲಿಲ್ಲ, ದಾರಿಯನ್ನು ಬದಲಿಸಿದರು. ಮನುಷ್ಯ ನೆಲದ ಮೇಲಿರಲಿ, ಕ್ಯಾಮೆರಾ ಮಾತ್ರ ಮೇಲೆ ಹೋಗಲಿ ಎಂದು ನಿರ್ಧರಿಸಿದರು. ಫ್ರಾನ್ಸಿನ ಆರ್ಥರ್ ಬಾತ್ಯೂ 1888ರಲ್ಲೇ ಗಾಳಿಪಟದಿಂದ ಚಿತ್ರ ತೆಗೆದಿದ್ದರು. ಆದರೆ ಲಾರೆನ್ಸರ ಕ್ಯಾಮೆರಾದ ತೂಕವೇ ಸುಮಾರು 22 ಕಿಲೋ! ಅದನ್ನು ಎತ್ತಲು ಒಂದು ಗಾಳಿಪಟ ಎಲ್ಲಿ ಸಾಕು? ಒಂದೇ ಹಗ್ಗಕ್ಕೆ ಸಾಲಾಗಿ ಹಲವು ಗಾಳಿಪಟಗಳನ್ನು ಕಟ್ಟಿದರು. ಕ್ಯಾಮೆರಾ ತೂಗಾಡದಂತೆ ಬಿದಿರಿನ ಕೋಲು, ರೇಷ್ಮೆ ದಾರ ಮತ್ತು ತೂಕದ ಗುಂಡು ಜೋಡಿಸಿದರು. ನೆಲದಿಂದಲೇ ತಂತಿಯ ಮೂಲಕ ವಿದ್ಯುತ್ ಹರಿಸಿದರೆ ಫೋಟೋ ತೆಗೆದಾಗುತ್ತಿತ್ತು. ಆಗ ಒಂದು ಪುಟ್ಟ ಪ್ಯಾರಾಚೂಟ್ ಬಿಚ್ಚಿಕೊಂಡು, ಕೆಲಸ ಆಯಿತೆಂದು ಕೆಳಗಿದ್ದವರಿಗೆ ತಿಳಿಸುತ್ತಿತ್ತು.

1906ರ ಏಪ್ರಿಲ್ 18ರ ಬೆಳಗಿನ ಜಾವ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭಾರಿ ಭೂಕಂಪವಾಯಿತು. ಹಿಂದೆಯೇ ಎದ್ದ ಬೆಂಕಿ ದಿನಗಟ್ಟಲೆ ಉರಿಯಿತು. 3,000ಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಕಳೆದುಕೊಂಡರು. ಬೀದಿಯಲ್ಲಿ ನಿಂತು ತೆಗೆದ ಚಿತ್ರಗಳಲ್ಲಿ ಕಾಣುತ್ತಿದ್ದುದು ಒಂದೊಂದು ಮುರಿದ ಗೋಡೆ ಮಾತ್ರ. ಮೇ ತಿಂಗಳಲ್ಲಿ ಅಲ್ಲಿಗೆ ಬಂದ ಲಾರೆನ್ಸ್, 17 ಗಾಳಿಪಟಗಳಿಂದ ಕ್ಯಾಮೆರಾವನ್ನು ಸುಮಾರು 2,000 ಅಡಿ ಎತ್ತರಕ್ಕೆ ಏರಿಸಿದರು. ಬಂದರಿನಿಂದ ಹಿಡಿದು ದೂರದ ಗುಡ್ಡಗಳವರೆಗೆ ಸುಟ್ಟು ನಿಂತ ನಗರ, ಅದರ ನಡುವೆ ನೇರವಾಗಿ ಸಾಗುವ ಮಾರ್ಕೆಟ್ ಸ್ಟ್ರೀಟ್, ಎಲ್ಲವೂ ಒಂದೇ ಚಿತ್ರದಲ್ಲಿ ಮೂಡಿಬಂದವು. ಎಷ್ಟು ದೊಡ್ಡ ಅನಾಹುತ ನಡೆದಿದೆಯೆಂದು ದೂರದ ಊರುಗಳ ಜನ ಅದರಲ್ಲಿ ಕಂಡರು. ಪ್ರತಿಯೊಂದಕ್ಕೆ 125 ಡಾಲರ್ ಬೆಲೆಯಿದ್ದರೂ ಆ ಚಿತ್ರ ಚೆನ್ನಾಗಿ ಮಾರಾಟವಾಯಿತು.

ಕೆಲವು ವರ್ಷಗಳ ನಂತರ ಲಾರೆನ್ಸ್ ವಿಮಾನಗಳ ವಿನ್ಯಾಸದಲ್ಲಿ ತೊಡಗಿದರು. 1938ರಲ್ಲಿ ತೀರಿಕೊಂಡರು. ಆ ಚಿತ್ರ ಇಂದಿಗೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ.

ಇಂದು ಡ್ರೋನ್ ಹಾರಿಸಿ ಯಾರು ಬೇಕಾದರೂ ಮೇಲಿನಿಂದ ಚಿತ್ರ ತೆಗೆಯಬಹುದು. ಮುಂದಿನ ಸಲ ಡ್ರೋನ್ ಕಂಡಾಗ, ಬಿದ್ದ ಮೇಲೂ ಆಕಾಶದ ಆಸೆ ಬಿಡದೆ ಗಾಳಿಪಟದ ಹಗ್ಗ ಹಿಡಿದು ನಿಂತ ಲಾರೆನ್ಸರನ್ನು ನೆನೆಯಿರಿ.