ಐನ್‌ಸ್ಟೈನ್ ಮತ್ತು ಅವರ ಗೆಳೆಯರು

ಆಲ್ಬರ್ಟ್ ಐನ್‌ಸ್ಟೈನ್ ಸೈನ್ಸ್‌ನವರ ವಿಷಯ, ಕಾಮರ್ಸ್‌ನ ನಿನಗೇಕೆ ಎಂದು ನನ್ನ ಗೆಳತಿ ಕೇಳಿದಳು. ನಾನು ಬರೆಯುತ್ತಿರುವುದು ಅವರ ಸೂತ್ರದ ಬಗ್ಗೆ ಅಲ್ಲ. ಪರೀಕ್ಷೆಯಿಂದ ದಣಿದು, ಕೆಲಸ ಸಿಗದೆ ಅಲೆಯುತ್ತಿದ್ದ ದಿನಗಳಲ್ಲಿ ಅವರ ಜೊತೆಗಿದ್ದ ಗೆಳೆಯರ ಬಗ್ಗೆ.

ಐನ್‌ಸ್ಟೈನ್ ಹುಟ್ಟಿದ್ದು 1879ರ ಮಾರ್ಚ್ 14ರಂದು, ಜರ್ಮನಿಯ ಉಲ್ಮ್‌ನಲ್ಲಿ. 1896ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್ ಪಾಲಿಟೆಕ್ನಿಕ್ ಸೇರಿದರು. ಎಷ್ಟೋ ಕ್ಲಾಸುಗಳಿಗೆ ಅವರು ಹೋಗುತ್ತಲೇ ಇರಲಿಲ್ಲ. ಸಹಪಾಠಿ ಮಾರ್ಸೆಲ್ ಗ್ರಾಸ್‌ಮನ್ ಮಾತ್ರ ಅಚ್ಚುಕಟ್ಟಾಗಿ ನೋಟ್ಸ್ ಬರೆದಿಡುತ್ತಿದ್ದರು. ಪರೀಕ್ಷೆ ಬಂದಾಗ ಐನ್‌ಸ್ಟೈನ್ ಓದುತ್ತಿದ್ದದ್ದು ಅದೇ ನೋಟ್ಸ್. (ನಮ್ಮ ಕ್ಲಾಸಿನಲ್ಲೂ ಅಂಥ ಒಬ್ಬಳಿದ್ದಾಳೆ, ಹೆಸರು ಹೇಳುವುದಿಲ್ಲ.) ಇಬ್ಬರೂ ಮೆಟ್ರೊಪೋಲ್ ಎಂಬ ಕೆಫೆಯಲ್ಲಿ ಕೂತು ಕಾಫಿ ಕುಡಿಯುತ್ತಾ ಹರಟುತ್ತಿದ್ದರು.

1900ರಲ್ಲಿ ಕೊನೆಯ ಪರೀಕ್ಷೆ ಪಾಸಾಯಿತು. ಆದರೆ ಉರು ಹೊಡೆದು ಹೊಡೆದು ಅವರಿಗೆ ಎಷ್ಟು ಜಿಗುಪ್ಸೆ ಬಂದಿತ್ತೆಂದರೆ, ಒಂದು ವರ್ಷ ವಿಜ್ಞಾನದ ಯಾವ ಪ್ರಶ್ನೆಯೂ ಬೇಡವೆನಿಸಿತಂತೆ. ಐನ್‌ಸ್ಟೈನ್‌ಗೇ ಹೀಗಾಗಿದ್ದರೆ ನಮ್ಮಂಥವರ ಗತಿಯೇನು! ಜೊತೆಯವರಿಗೆ ಸಿಕ್ಕಂತೆ ಅವರಿಗೆ ಕಾಲೇಜಿನಲ್ಲಿ ಕೆಲಸವೂ ಸಿಗಲಿಲ್ಲ. ಗ್ರಾಸ್‌ಮನ್ ತಮ್ಮ ತಂದೆಯ ಮೂಲಕ ಬರ್ನ್ ನಗರದ ಪೇಟೆಂಟ್ ಕಚೇರಿಗೆ ಶಿಫಾರಸು ಮಾಡಿಸಿದರು. ಕೆಲಸಕ್ಕೆ ಸೇರಿದ್ದು 1902ರ ಜೂನ್‌ನಲ್ಲಿ. ಅಲ್ಲಿಯವರೆಗೆ ಹೊಟ್ಟೆಪಾಡಿಗಾಗಿ ಟ್ಯೂಷನ್ ಹೇಳುತ್ತೇನೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರು.

ಆ ಜಾಹೀರಾತು ನೋಡಿ ಬಂದವರು ಮಾರಿಸ್ ಸೊಲೊವಿನ್ ಎಂಬ ರುಮೇನಿಯಾದ ವಿದ್ಯಾರ್ಥಿ. ಮೊದಲ ದಿನವೇ ಎರಡು ಗಂಟೆ ಮಾತಾಡಿದರು, ಆಮೇಲೆ ಬೀದಿಯಲ್ಲಿ ನಿಂತು ಇನ್ನೂ ಅರ್ಧ ಗಂಟೆ. ಕೆಲವೇ ದಿನಗಳಲ್ಲಿ ಟ್ಯೂಷನ್ ನಿಂತಿತು, ಫೀಸೂ ಹೋಯಿತು, ದೋಸ್ತಿ ಉಳಿಯಿತು. ಗಣಿತ ಓದುತ್ತಿದ್ದ ಕೊನ್ರಾಡ್ ಹಾಬಿಶ್ಟ್ ಕೂಡ ಸೇರಿಕೊಂಡರು. ದೊಡ್ಡ ವಿದ್ವಾಂಸರ ಸಭೆಗಳನ್ನು ಗೇಲಿ ಮಾಡಲು ಮೂವರೂ ತಮ್ಮ ಗುಂಪಿಗೆ ಒಲಿಂಪಿಯಾ ಅಕಾಡೆಮಿ ಎಂದು ಹೆಸರಿಟ್ಟರು!

ರಾತ್ರಿ ಊಟ ಬಡವರದೇ: ಚೀಸ್ ತುಂಡು, ಹಣ್ಣು, ಸ್ವಲ್ಪ ಜೇನು, ಚಹಾ. ಹ್ಯೂಮ್, ಮಾಖ್, ಪಾಯಿಂಕಾರೆ ಅವರ ಪುಸ್ತಕ ಓದುತ್ತಿದ್ದರು. ಒಂದೇ ಪುಟದ ಮೇಲೆ ಹಲವು ದಿನ ಜಗಳ ನಡೆಯುವುದೂ ಇತ್ತು. ನಡುವೆ ಐನ್‌ಸ್ಟೈನ್ ಪಿಟೀಲು ನುಡಿಸುತ್ತಿದ್ದರು. ಒಮ್ಮೆ ಅವರ ಹುಟ್ಟುಹಬ್ಬಕ್ಕೆ ಗೆಳೆಯರು ಕ್ಯಾವಿಯರ್ ತಂದರು. ಅದು ಮೀನಿನ ಮೊಟ್ಟೆಯ ಬಹಳ ದುಬಾರಿ ತಿನಿಸು. ಐನ್‌ಸ್ಟೈನ್ ಗೆಲಿಲಿಯೊನ ಜಡತ್ವ ನಿಯಮ ವಿವರಿಸುತ್ತಾ ಎಲ್ಲವನ್ನೂ ತಿಂದು ಮುಗಿಸಿದರು. ತಿಂದದ್ದು ಏನೆಂದು ಗೊತ್ತಾದದ್ದು ಗೆಳೆಯರು ಹೇಳಿದ ಮೇಲೆ. ಇನ್ನೊಮ್ಮೆ ಸೊಲೊವಿನ್ ತಮ್ಮ ಮನೆಯಲ್ಲಿದ್ದ ಸಭೆ ತಪ್ಪಿಸಿ ಸಂಗೀತ ಕೇಳಲು ಹೋದರು. ಉಳಿದಿಬ್ಬರು ಅವರು ಇಟ್ಟಿದ್ದ ಊಟ ತಿಂದು, ಹೊಗೆ ಎಂದರೆ ಅವರಿಗೆ ಆಗದೆಂದು ಗೊತ್ತಿದ್ದೇ ಕೋಣೆ ತುಂಬ ಹೊಗೆ ಬಿಟ್ಟು, ಸಾಮಾನೆಲ್ಲ ಮಂಚದ ಮೇಲೆ ಪೇರಿಸಿ ಹೋದರು. ನಮ್ಮ ಹಾಸ್ಟೆಲಿನಲ್ಲಿ ಹೀಗೆ ಮಾಡಿದರೆ ವಾರ್ಡನ್ ಮನೆಗೆ ಫೋನ್ ಮಾಡುತ್ತಾರೆ. ಕೆಲವು ರಾತ್ರಿ ಮಾತು ಮುಗಿಯದಿದ್ದಾಗ ಊರ ಪಕ್ಕದ ಗುರ್ಟೆನ್ ಗುಡ್ಡ ಹತ್ತಿ, ಸೂರ್ಯ ಹುಟ್ಟುವುದನ್ನು ನೋಡಿ, ಅಲ್ಲೇ ಕಾಫಿ ಕುಡಿದು ಇಳಿಯುತ್ತಿದ್ದರು.

ಒಂದು ವಿಷಯ ನನಗೆ ಹಿಡಿಸಲಿಲ್ಲ. ಮಿಲೆವಾ ಮಾರಿಚ್ ಪಾಲಿಟೆಕ್ನಿಕ್‌ನಲ್ಲಿ ಐನ್‌ಸ್ಟೈನ್ ಜೊತೆಗೇ ಓದಿದವರು, ಅವರ ತಂಡದ ಒಬ್ಬಳೇ ಹುಡುಗಿ. 1900ರಲ್ಲೂ 1901ರಲ್ಲೂ ಆಕೆ ಪರೀಕ್ಷೆಯಲ್ಲಿ ಫೇಲಾದರು. 1903ರಲ್ಲಿ ಇಬ್ಬರಿಗೂ ಮದುವೆಯಾಯಿತು. ಆಮೇಲೆ ಸಭೆಗಳಲ್ಲಿ ಆಕೆಯೂ ಕೂತಿರುತ್ತಿದ್ದರು, ಗಮನವಿಟ್ಟು ಕೇಳುತ್ತಿದ್ದರು, ಮಾತಾಡುತ್ತಿರಲಿಲ್ಲ ಎಂದು ಸೊಲೊವಿನ್ ಬರೆದಿದ್ದಾರೆ. ಎರಡು ಸಲ ಫೇಲಾದ ಆಕೆಗೇ ಆ ನಗು ಹೆಚ್ಚು ಬೇಕಿತ್ತೇನೋ. ನಮ್ಮಲ್ಲೂ ಟ್ಯೂಷನ್ ಮುಗಿದ ಮೇಲೆ ಹುಡುಗರು ಚಹಾದಂಗಡಿ ಮುಂದೆ ನಿಲ್ಲುತ್ತಾರೆ. ನಮಗೆ ಸಿಗುವುದು ಬಸ್ ಬರುವವರೆಗಿನ ಹತ್ತು ನಿಮಿಷ.

ಅಕಾಡೆಮಿ ಹೆಚ್ಚು ದಿನ ನಡೆಯಲಿಲ್ಲ. ಮೊದಲು ಹಾಬಿಶ್ಟ್, ಆಮೇಲೆ ಸೊಲೊವಿನ್ ಊರು ಬಿಟ್ಟರು. ಅಷ್ಟರಲ್ಲಿ ಹಳೆಯ ಗೆಳೆಯ ಮಿಷೆಲ್ ಬೆಸ್ಸೊ ಅದೇ ಪೇಟೆಂಟ್ ಕಚೇರಿಗೆ ಬಂದರು. ಕೆಲಸ ಮುಗಿಸಿ ಇಬ್ಬರೂ ಮಾತಾಡುತ್ತಾ ಮನೆಗೆ ನಡೆಯುತ್ತಿದ್ದರು. 1905ರಲ್ಲಿ ಸಾಪೇಕ್ಷತೆಯ ಪ್ರಬಂಧ ಅಚ್ಚಾದಾಗ ಐನ್‌ಸ್ಟೈನ್ ಅದರ ಕೊನೆಯಲ್ಲಿ ಧನ್ಯವಾದ ಹೇಳಿದ್ದು ಬೆಸ್ಸೊ ಒಬ್ಬರಿಗೇ. ಆಗ ಅವರ ವಯಸ್ಸು 26.

1953ರಲ್ಲಿ ಹಾಬಿಶ್ಟ್ ಮತ್ತು ಸೊಲೊವಿನ್ ಪ್ಯಾರಿಸ್‌ನಲ್ಲಿ ಭೇಟಿಯಾಗಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿದ್ದ ಐನ್‌ಸ್ಟೈನ್‌ಗೆ ಒಂದು ಕಾರ್ಡ್ ಹಾಕಿದರು. ಅವರು ಉತ್ತರ ಬರೆದದ್ದು ಗೆಳೆಯರ ಹೆಸರಿಗಲ್ಲ, ಅಕಾಡೆಮಿಯ ಹೆಸರಿಗೆ. ಎರಡು ವರ್ಷದ ನಂತರ, 1955ರ ಏಪ್ರಿಲ್ 18ರಂದು ಅವರು ತೀರಿಕೊಂಡರು.