ಚಿಪ್ಪಗಿರಿಯ ವಿಜಯದಾಸರು

ನಮ್ಮ ದೇವನಕೊಂಡವಿರುವ ಕರ್ನೂಲು ಜಿಲ್ಲೆಯಲ್ಲಿಯೇ, ಗುಂತಕಲ್ಲಿಗೆ ಸಮೀಪದಲ್ಲಿ, ಚಿಪ್ಪಗಿರಿಯೆಂಬ ಊರಿದೆ. 1953ರವರೆಗೆ ಅದು ಬಳ್ಳಾರಿ ಜಿಲ್ಲೆಯ ಆಲೂರು ತಾಲ್ಲೂಕಿಗೆ ಸೇರಿತ್ತು. ಆಂಧ್ರ ರಾಜ್ಯವು ಏರ್ಪಟ್ಟಾಗ ಆದವಾನಿಯೊಡನೆ ಆಲೂರೂ ಈ ಕಡೆಗೆ ಬಂದಿತು. ಗಡಿ ಸರಿದರೂ ಅಲ್ಲಿಯ ಕಟ್ಟೆಯ ಮುಂದೆ ಹಾಡುವ ಹಾಡು ಕನ್ನಡದ್ದಾಗಿಯೇ ಉಳಿಯಿತು. ಶ್ರೀ ವಿಜಯದಾಸರು ದೇಹವಿಟ್ಟ ಸ್ಥಳವದು.

ರಾಯಚೂರು ಸೀಮೆಯ ಚೀಕಲಪರವಿಯಲ್ಲಿ 1682ರಲ್ಲಿ ಶ್ರೀನಿವಾಸಪ್ಪ, ಕೂಸಮ್ಮ ದಂಪತಿಗಳಿಗೆ ಜನಿಸಿದ ಇವರ ಮೊದಲ ಹೆಸರು ದಾಸಪ್ಪ. ಮನೆಯಲ್ಲಿ ಕಡುಬಡತನ. ಹಸಿವಿನ ದಿನಗಳನ್ನು ಕಂಡು ಊರು ಬಿಟ್ಟ ದಾಸಪ್ಪನವರು ಕಾಶಿಯವರೆಗೂ ಹೋದರು. ಅಲ್ಲಿ ಪುರಂದರದಾಸರು ಸ್ವಪ್ನದಲ್ಲಿ ತೋರಿ ಅನುಗ್ರಹಿಸಿದರೆಂದೂ, ವಿಜಯವಿಠಲನೆಂಬ ಅಂಕಿತವು ಅಂದಿನಿಂದ ಬಂದಿತೆಂದೂ ಸಂಪ್ರದಾಯವು ಹೇಳುತ್ತದೆ. ಇಪ್ಪತ್ತೈದು ಸಾವಿರ ಪದ ಸುಳಾದಿಗಳನ್ನು ರಚಿಸಿದರೆಂಬ ನಂಬಿಕೆಯೂ ಉಂಟು. ದೊರೆತಿರುವುವು ಅದಕ್ಕಿಂತ ಬಹಳ ಕಡಿಮೆ. ಧ್ರುವ, ಮಟ್ಟ, ತ್ರಿವಿಡಿ, ಅಟ್ಟ ಮೊದಲಾದ ತಾಳಗಳು ಒಂದರ ಹಿಂದೆ ಒಂದು ಬಂದು ಜತೆಯಲ್ಲಿ ಮುಗಿಯುವ ಸುಳಾದಿಯೊಳಗೆ ವೇದಾಂತದ ಕಠಿನ ವಿಚಾರಗಳನ್ನು ಅಡಕಗೊಳಿಸುವುದು ಸುಲಭದ ಮಾತಲ್ಲ.

ಆದರೆ ನಮಗೆ ಅವರ ಹಾಡಿನಷ್ಟೇ ದೊಡ್ಡದಾಗಿ ಕಾಣುವುದು ಬೇರೊಂದು ಸಂಗತಿ. ದಿಕ್ಕಿಲ್ಲದ ವಿಧವೆಯೊಬ್ಬಳು ಕೂಸಿನೊಡನೆ ನೀರಿಗೆ ಬೀಳಲು ಹೊರಟಿದ್ದಳಂತೆ. ಅಂದಿನ ಸಮಾಜದಲ್ಲಿ ಅಂಥವಳಿಗೆ ನೆರಳು ಕೊಡುವುದೆಂದರೆ ಹಲವರ ನಾಲಗೆಗೆ ಆಹಾರವಾಗುವುದು. ದಾಸರು ಅವಳನ್ನು ತಡೆದು ಮನೆಗೆ ಕರೆತಂದರು. ಪತ್ನಿ ಅರಳಮ್ಮನವರು ಏಕೆಂದು ಕೇಳದೆ ತಾಯಿಮಕ್ಕಳನ್ನು ಒಳಗೆ ಕರೆದುಕೊಂಡರು. (ಇಂಥ ಚರಿತ್ರೆಗಳಲ್ಲಿ ಅಡಿಗೆಮನೆಯವರ ಹೆಸರು ಹಿಂದೆ ಬೀಳುವುದು ನ್ಯಾಯವಲ್ಲ.) ಆ ಕೂಸೇ ಮುಂದೆ ಮೋಹನದಾಸರಾಗಿ, ಗುರುಗಳ ಮಹಿಮೆಯನ್ನು ಹಾಡಿದರು.

ಜಾತಿಯ ಕಟ್ಟನ್ನೆಲ್ಲ ದಾಸರು ಒಡೆದರೆಂದು ನಾವು ಹೇಳಲಾರೆವು. ಅವರು ಮಧ್ವಮತದ ಆಚಾರದೊಳಗೇ ಬಾಳಿದವರು. ಶಾಸ್ತ್ರವು ಪಂಡಿತರ ಸೊತ್ತಾಗಿದ್ದಾಗ ಅದನ್ನು ಹೆಂಗಸರ, ಓದುಬಾರದವರ ಬಾಯಿಗೆ ತಂದುದು ಅವರು ಮಾಡಿದ ನ್ಯಾಯ. ಮಾನವಿಯ ಶ್ರೀನಿವಾಸಾಚಾರ್ಯರೆಂಬ ವಿದ್ವಾಂಸರು ಈ ಕನ್ನಡದ ಹಾಡುಗಾರರನ್ನು ಹಗುರವಾಗಿ ಕಂಡು, ಹೊಟ್ಟೆನೋವಿನ ನೆವದಿಂದ ದಾಸರ ಪಂಕ್ತಿಯ ಊಟವನ್ನು ತಪ್ಪಿಸಿಕೊಂಡರೆಂದೂ, ನೆವವು ನಿಜವಾದ ರೋಗವಾಯಿತೆಂದೂ ಕಥೆ. ವಿಜಯದಾಸರು ಅವರನ್ನು ಜರೆಯದೆ ತಮ್ಮ ಶಿಷ್ಯ ಗೋಪಾಲದಾಸರಲ್ಲಿಗೆ ಕಳುಹಿದರು. ಆ ವಿದ್ವಾಂಸರೇ ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ಕನ್ನಡದ ಷಟ್ಪದಿಯಲ್ಲಿ ಬರೆದರು.

1755ರ ಕಾರ್ತಿಕ ಶುದ್ಧ ದಶಮಿಯಂದು ದಾಸರು ಚಿಪ್ಪಗಿರಿಯಲ್ಲಿ ತೀರಿಕೊಂಡರು. ಇಂದಿಗೂ ಆ ತಿಥಿಯಲ್ಲಿ ಅಲ್ಲಿ ಆರಾಧನೆ ನಡೆಯುತ್ತದೆ. ಕನ್ನಡ ಓದಲು ಬಾರದ ನಮ್ಮ ಗಡಿಯ ಮಕ್ಕಳು ಆ ಪದಗಳನ್ನು ತೆಲುಗು ಅಕ್ಷರದಲ್ಲಿ ಬರೆದುಕೊಂಡು ಹಾಡುವುದುಂಟು.